ಹೊಲ ಚಿಕ್ಕದಾದಷ್ಟೂ ಬದು ಜಾಸ್ತಿ: ನ್ಯಾನೋ ಮಿಶ್ರಲೋಹದಲ್ಲಿ ಗ್ರೇನ್ ಗಾತ್ರ ಮತ್ತು ಫೇಸ್ ಬದಲಾವಣೆ

ದಾವಣಗೆರೆಯಲ್ಲಿ ಪ್ರಾಜೆಕ್ಟ್ ಸೀಸನ್ ಶುರುವಾದರೆ ನಮ್ಮ ಮನೆಗೆ ಹುಡುಗರು ಬರುವುದೂ ಶುರುವಾಗುತ್ತದೆ. ಕೈಯಲ್ಲಿ ಸಿನಾಪ್ಸಿಸ್, ಮುಖದಲ್ಲಿ ಗಾಬರಿ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸಾರ್, ನ್ಯಾನೋ ಮಿಶ್ರಲೋಹದಲ್ಲಿ ಗ್ರೇನ್ ಚಿಕ್ಕದಾದ್ರೆ ಫೇಸ್ ಬದಲಾವಣೆ ಬೇಗ ಆಗುತ್ತೋ, ನಿಂತೇ ಹೋಗುತ್ತೋ? ಒಂದು ಪೇಪರ್ ಹಾಗೆ ಅನ್ನುತ್ತೆ, ಇನ್ನೊಂದು ಹೀಗೆ."

ಎರಡೂ ಸರಿ. ಫೇಸ್ ಅಂದರೆ ಲೋಹದೊಳಗೆ ಪರಮಾಣುಗಳು ಜೋಡಿಸಿಕೊಂಡಿರುವ ಬಗೆ. ಅದರದ್ದು ಯಾವ ತರಹದ ಬದಲಾವಣೆ ಅನ್ನುವುದನ್ನು ಮೊದಲು ಕೇಳಬೇಕು ಅಷ್ಟೇ. ಅದನ್ನು ನಮ್ಮ ಊರಿನ ಕಾಲೇಜು ಲ್ಯಾಬಿನಲ್ಲೇ ಕೈಯಾರೆ ನೋಡುವುದು ಹೇಗೆ, ಯಾವುದಕ್ಕೆ ಬೆಂಗಳೂರಿಗೆ ಹೋಗಬೇಕು, ಎಲ್ಲಿ ಮೋಸ ಹೋಗುತ್ತೀರಿ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಮೋಸ ಹೋಗುವ ಜಾಗಗಳ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ಯಾಕೆಂದರೆ ನಾನೇ ಹೋಗಿದ್ದೇನೆ.

ಮೊದಲು ಗದ್ದೆಗೆ ಇಳಿಯೋಣ

ಭದ್ರಾ ನಾಲೆಯ ಕೆಳಗಿನ ಭತ್ತದ ಗದ್ದೆ ನೆನಪಿಸಿಕೊಳ್ಳಿ. ಒಂದೊಂದು ಮಡಿಯೂ ಒಂದೊಂದು ಗ್ರೇನ್. ಒಂದು ಮಡಿಯೊಳಗೆ ನಾಟಿಯ ಸಾಲು ಒಂದೇ ದಿಕ್ಕಿಗೆ ಇರುತ್ತದೆ, ಪಕ್ಕದ ಮಡಿಯಲ್ಲಿ ಬೇರೆ ದಿಕ್ಕಿಗೆ. ಲೋಹದಲ್ಲಿ ಪರಮಾಣುಗಳ ಸಾಲೂ ಹೀಗೇ. ನಡುವೆ ಬದು. ಪುಸ್ತಕದಲ್ಲಿ ಗ್ರೇನ್ ಬೌಂಡರಿ ಅಂತ ಇರುವುದನ್ನು ನಾನು ಬದು ಅಂತಲೇ ಕರೆಯುತ್ತೇನೆ.

ಅಣ್ಣತಮ್ಮಂದಿರು ಪಾಲಾದ ಹೊಲ ನೋಡಿದವರಿಗೆ ಗೊತ್ತು. ತುಂಡು ಚಿಕ್ಕದಾದಷ್ಟೂ ಬದುವಿಗೆ ಹೋಗುವ ಜಾಗ ಜಾಸ್ತಿ. ಬದುವಿನ ದಪ್ಪ 1 ನ್ಯಾನೋಮೀಟರ್, ಗ್ರೇನ್ ಒಂದು ಚೌಕದ ಡಬ್ಬಿ ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ಗ್ರೇನ್ 1 ಮೈಕ್ರೋಮೀಟರ್ ಇದ್ದರೆ ಬದುವಿನ ಪಾಲು ಶೇ 0.3. 100 ನ್ಯಾನೋಮೀಟರ್‌ಗೆ ಶೇ 3. 10 ನ್ಯಾನೋಮೀಟರ್‌ಗೆ ಶೇ 27. 5ಕ್ಕೆ ಬಂದರೆ ಹೆಚ್ಚುಕಡಿಮೆ ಅರ್ಧ ಲೋಹವೇ ಬದು! ಇಷ್ಟು ಜಾಗ ಹಿಡಿದ ಮೇಲೆ ಅದು ಸುಮ್ನೆ ಇರುತ್ತಾ?

ಬದು ಮೂರು ಕೆಲಸ ಮಾಡುತ್ತದೆ.

ಒಂದು, ಅದು ಓಡಾಡುವ ದಾರಿ. ಕೆಸರು ಗದ್ದೆಯಲ್ಲಿ ಯಾರೂ ನಡುವೆ ನಡೆಯುವುದಿಲ್ಲ, ಬದುವಿನ ಮೇಲೆ ನಡೆಯುತ್ತಾರೆ. ಪರಮಾಣುಗಳೂ ಅಷ್ಟೇ. ಗ್ರೇನ್ ಒಳಗಿಗಿಂತ ಬದುವಿನಲ್ಲಿ ಎಷ್ಟೋ ಪಟ್ಟು ಬೇಗ ಹರಿದಾಡುತ್ತವೆ. ಇದಕ್ಕೆ ಒಳ್ಳೆಯ ಸಾಕ್ಷಿ ಚೀನಾದ ತಂಡವೊಂದು 2003ರಲ್ಲಿ ಪ್ರಕಟಿಸಿದ ಪ್ರಯೋಗ. ಕಬ್ಬಿಣದ ಮೇಲ್ಮೈಯನ್ನು ಗುಂಡುಗಳಿಂದ ಬಡಿದು ನ್ಯಾನೋ ಗ್ರೇನ್ ಮಾಡಿದರು. ಮಾಮೂಲಿಯಾಗಿ 500 ಡಿಗ್ರಿ ಸೆಲ್ಸಿಯಸ್ ದಾಟಬೇಕಾದ ನೈಟ್ರೈಡಿಂಗ್, ಅಂದರೆ ಮೇಲ್ಮೈಯೊಳಗೆ ನೈಟ್ರೋಜನ್ ಇಳಿಸುವ ಕೆಲಸ, 300 ಡಿಗ್ರಿಗೇ ಆಯಿತು.

ಎರಡು, ಕಳೆ ಮೊದಲು ಹುಟ್ಟುವುದು ಬದುವಿನಲ್ಲಿ. ಹೊಸ ಫೇಸ್ ಮೊಳೆಯುವುದೂ ಅಲ್ಲೇ. ಉಕ್ಕು ಚೆನ್ನಾಗಿ ಕಾದಾಗಿನ ಫೇಸ್ ಆದ ಆಸ್ಟೆನೈಟ್ ತಣ್ಣಗಾಗುತ್ತಾ, ಅಷ್ಟೇನೂ ಗಟ್ಟಿಯಲ್ಲದ ಪರ್ಲೈಟ್ ಆಗುವುದು ಈ ಬದುಗಳಿಂದಲೇ ಶುರು. ಆಸ್ಟೆನೈಟ್ ಗ್ರೇನ್ ಸಣ್ಣದಾದಷ್ಟೂ ಪರ್ಲೈಟ್ ಬೇಗ ಹುಟ್ಟುತ್ತದೆ. ಅದಕ್ಕೇ ಸಣ್ಣ ಗ್ರೇನಿನ ಉಕ್ಕನ್ನು ಒಳಗಿನವರೆಗೂ ಗಟ್ಟಿ ಮಾಡುವುದು ಕಷ್ಟ.

ಮೂರನೆಯದು ಎಲ್ಲರೂ ಮರೆಯುವುದು. ಬದು ತಡೆಗೋಡೆ. ಗುಂಟೆ ಲೆಕ್ಕದ ಮಡಿಯಲ್ಲಿ ಟ್ರ್ಯಾಕ್ಟರ್ ತಿರುಗುವುದಿಲ್ಲ. ಎತ್ತಿನ ಜೋಡಿ ತಿರುಗುತ್ತದೆ. ಮಾರ್ಟೆನ್ಸೈಟ್ ಅನ್ನುವ ಬದಲಾವಣೆ ಈ ಟ್ರ್ಯಾಕ್ಟರ್ ಇದ್ದ ಹಾಗೆ. ಪರಮಾಣುಗಳು ದೂರ ಹರಿಯುವುದಿಲ್ಲ. ಇಡೀ ಸಾಲೇ ಒಟ್ಟಿಗೆ ವಾಲುತ್ತದೆ, ಆಕಾರ ಬದಲಾಗುತ್ತದೆ. ಅದಕ್ಕೆ ಜಾಗ ಬೇಕು. ಸುತ್ತಲೂ ಬದು ಒತ್ತಿ ಹಿಡಿದರೆ ವಾಲುವುದು ಎಲ್ಲಿಗೆ?

ಹಾಗಾಗಿ ನಿಮ್ಮ ಪ್ರಾಜೆಕ್ಟಿನ ಮೊದಲ ಸಾಲು ಇದಾಗಿರಲಿ: ನಾನು ನೋಡುತ್ತಿರುವುದು ಪರಮಾಣು ಹರಿದಾಡಿ ಆಗುವ ಬದಲಾವಣೆಯೋ, ಸಾಲು ವಾಲಿ ಆಗುವ ಬದಲಾವಣೆಯೋ? ಮೊದಲನೆಯದನ್ನು ಸಣ್ಣ ಗ್ರೇನ್ ಸಾಮಾನ್ಯವಾಗಿ ಬೇಗ ಮಾಡಿಸುತ್ತದೆ. ಎರಡನೆಯದನ್ನು ತಡೆಯುತ್ತದೆ. ನಿಮ್ಮ ಪೇಪರ್‌ಗಳ ಜಗಳ ಅಲ್ಲಿಗೆ ಮುಗಿಯಿತು.

ಮಂಡಕ್ಕಿ ಭಟ್ಟಿಯ ಪಾಠ

ತಡೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ನಾನು ನಮ್ಮೂರಿನ ಮಂಡಕ್ಕಿ ಭಟ್ಟಿ ಮುಂದೆ ನಿಂತೇ ಹೇಳುವುದು. ಕಾದ ಮರಳಿಗೆ ಅಕ್ಕಿ ಬಿದ್ದಾಗ ಒಂದೊಂದು ಕಾಳೂ ತಾನೇ ಅರಳಬೇಕು. ಪಕ್ಕದ ಕಾಳು ಅರಳಿತು ಅಂತ ಇದು ಅರಳುವುದಿಲ್ಲ. ದೊಡ್ಡ ಗ್ರೇನಿನಲ್ಲಿ ಒಂದು ಕಡೆ ಮಾರ್ಟೆನ್ಸೈಟ್ ಹುಟ್ಟಿದರೆ ಸಾಕು, ಗ್ರೇನ್ ಉದ್ದಕ್ಕೂ ಓಡುತ್ತದೆ. ಅದೇ ಲೋಹವನ್ನು ಸಾವಿರಾರು ತುಂಡು ಮಾಡಿದರೆ ಪ್ರತಿ ತುಂಡಿಗೂ ತನ್ನದೇ ಮೊಳಕೆ ಬೇಕು. 1956ರಲ್ಲಿ ಟರ್ನ್‌ಬುಲ್ ಮತ್ತು ಅವರ ಜೊತೆಗಾರ ಕಬ್ಬಿಣ-ನಿಕ್ಕಲ್ ಪುಡಿಯಲ್ಲಿ ಇದನ್ನೇ ಕಂಡರು. ದಪ್ಪ ತುಂಡು ಬದಲಾಗುವ ಉಷ್ಣತೆಗಿಂತ ಎಷ್ಟೋ ಕೆಳಗೆ ತಣ್ಣಗೆ ಮಾಡಿದರೂ ಕೆಲವು ಸಣ್ಣ ಕಣಗಳು ಜಪ್ಪಯ್ಯ ಅನ್ನಲಿಲ್ಲ. ಅವುಗಳಲ್ಲಿ ಮೊಳಕೆಯೇ ಇರಲಿಲ್ಲ.

ಹೆಜ್ಜೆ 1: ಲೋಹ ಆರಿಸಿಕೊಳ್ಳಿ

ನನ್ನ ಸಲಹೆ ನಿಟಿನಾಲ್, ಅಂದರೆ ನಿಕ್ಕಲ್ ಮತ್ತು ಟೈಟಾನಿಯಂ. ಬಗ್ಗಿಸಿ ಬಿಸಿನೀರಿಗೆ ಹಾಕಿದರೆ ನೆಟ್ಟಗಾಗುವ ಲೋಹ. ಉಕ್ಕಿನಲ್ಲಿ ಇದೇ ಆಟ ನೋಡಬೇಕೆಂದರೆ 727 ಡಿಗ್ರಿ ದಾಟಬೇಕು. ಅಷ್ಟು ಬಿಸಿಯಲ್ಲಿ ನ್ಯಾನೋ ಗ್ರೇನ್ ಊದಿಕೊಂಡು ನ್ಯಾನೋ ಅನ್ನುವುದೇ ಉಳಿಯುವುದಿಲ್ಲ. ನಿಟಿನಾಲ್‌ನ ಬದಲಾವಣೆ ನಮ್ಮ ಊರಿನ ಹವೆಯ ಆಸುಪಾಸಿನಲ್ಲೇ ನಡೆಯುತ್ತದೆ. ಅಳೆಯುವಾಗ ಗ್ರೇನ್ ಬೆಳೆಯುವ ಭಯವಿಲ್ಲ.

ಕೊಳ್ಳುವಾಗ ಒಂದೇ ಮಾತು ಕೇಳಿ: ನಿಕ್ಕಲ್ ಎಷ್ಟು? ಪರಮಾಣು ಲೆಕ್ಕದಲ್ಲಿ ಸರಿಯಾಗಿ ಶೇ 50 ಇರಬೇಕು. ನಿಕ್ಕಲ್ ಶೇ 50.7ರಷ್ಟಾದರೆ 300ರಿಂದ 500 ಡಿಗ್ರಿ ನಡುವೆ ಕಾಯಿಸಿದಾಗ ನಿಕ್ಕಲ್ ಜಾಸ್ತಿ ಇರುವ ಇನ್ನೊಂದು ಫೇಸ್ ಒಳಗೊಳಗೇ ಬೇರೆಯಾಗುತ್ತದೆ. ಆಗ ಉಳಿದ ಲೋಹದ ನಿಕ್ಕಲ್ ಪ್ರಮಾಣವೇ ಬದಲಾಗುತ್ತದೆ. ನಿಕ್ಕಲ್ ಜಾಸ್ತಿ ಇರುವ ಕಡೆ ಶೇ 0.1 ಆಚೀಚೆ ಆದರೆ ಬದಲಾವಣೆಯ ಉಷ್ಣತೆ ಸುಮಾರು 10 ಡಿಗ್ರಿ ಜರುಗುತ್ತದೆ. ನೀವು ಗ್ರೇನ್ ಗಾತ್ರದ ಪರಿಣಾಮ ಅಂತ ಬರೆದಿರುತ್ತೀರಿ, ಅದು ನಿಕ್ಕಲ್ ಕೆಲಸ ಆಗಿರುತ್ತದೆ.

ಹೆಜ್ಜೆ 2: ಗ್ರೇನ್ ಸರಣಿ ಮಾಡಿಕೊಳ್ಳಿ

ಒಂದೇ ಗಾತ್ರದ ಸ್ಯಾಂಪಲ್ ಇಟ್ಟುಕೊಂಡು ಏನೂ ಹೇಳಲಾಗುವುದಿಲ್ಲ. ಕಡಿಮೆ ಎಂದರೂ ಐದು ಬೇಕು.

ತೆಳು ಪಟ್ಟಿಯನ್ನು ಕಾಯಿಸದೆ ರೋಲ್ ಮಾಡಿಸಿ. ದಪ್ಪ ಶೇ 40ಕ್ಕಿಂತ ಜಾಸ್ತಿ ಇಳಿಯಬೇಕು. ಒಂದೇ ಏಟಿಗೆ ಬೇಡ, ಬಿರುಕು ಬಿಡುತ್ತದೆ. ಸ್ವಲ್ಪ ಸ್ವಲ್ಪವೇ ಇಳಿಸಿ. ಅಕ್ಕಸಾಲಿಗರ ಅಂಗಡಿಯ ಕೈ ರೋಲರ್ ಕೇಳಲು ಹೋಗಬೇಡಿ. ನಿಟಿನಾಲ್ ಬಂಗಾರವಲ್ಲ. ರೋಲರ್‌ಗೆ ಗಾಯವಾದರೆ ಚೆನ್ನಾಗಿ ಬೈಸಿಕೊಳ್ಳುತ್ತೀರಿ.

ರೋಲ್ ಆದ ಪಟ್ಟಿಯ ಒಳಗೆ ಸಾಲುಗಳೆಲ್ಲ ಚೆಲ್ಲಾಪಿಲ್ಲಿ. ಅದನ್ನು ತುಂಡು ಮಾಡಿ 400, 450, 500, 550, 600 ಡಿಗ್ರಿಯಲ್ಲಿ ಒಂದೊಂದನ್ನು, ಎಲ್ಲಕ್ಕೂ ಒಂದೇ ಸಮಯ ಕೊಟ್ಟು, ಕಾಯಿಸಿ ನೀರಿಗೆ ಹಾಕಿ. 400ರ ಹತ್ತಿರ ಹತ್ತಾರು ನ್ಯಾನೋಮೀಟರ್ ಗ್ರೇನ್ ಸಿಗುತ್ತದೆ. 600ಕ್ಕೆ ಹೋದಂತೆ ಮೈಕ್ರೋಮೀಟರ್ ಕಡೆಗೆ ಹೋಗುತ್ತದೆ. ಮಫಲ್ ಫರ್ನೇಸಿನ ಮುಂದಿನ ಮೀಟರ್ ನಂಬಬೇಡಿ. ಸ್ಯಾಂಪಲ್ ಪಕ್ಕದಲ್ಲೇ ಬೇರೊಂದು ಥರ್ಮೋಕಪಲ್ ಇಡಿ. ಗಾಳಿ ತಾಗದಂತೆ ಟೈಟಾನಿಯಂ ಹಾಳೆಯಲ್ಲಿ ಸುತ್ತಿ. ಇಲ್ಲದಿದ್ದರೆ ಮೇಲೆ ಆಕ್ಸೈಡ್ ಕೂರುತ್ತದೆ.

ಈಗ ನನ್ನ ಮೂರ್ಖತನದ ಕಥೆ. ಮೊದಲ ಸಲ ನಾವು ರೋಲ್ ಮಾಡಲಿಲ್ಲ. ನಿಕ್ಕಲ್ ಪುಡಿ, ಟೈಟಾನಿಯಂ ಪುಡಿ ಸೇರಿಸಿ, ಗುಂಡುಗಳಿಂದ ಅರೆಯುವ ಬಾಲ್ ಮಿಲ್ಲಿಗೆ ಹಾಕಿದೆವು. ಉಕ್ಕಿನ ಡಬ್ಬಿ, ಉಕ್ಕಿನ ಗುಂಡು, 40 ಗಂಟೆ. ಆಮೇಲೆ ಕಾಯಿಸಿ ಅಳೆದರೆ ಮಾರ್ಟೆನ್ಸೈಟ್ ಹುಟ್ಟುವಾಗ ಗ್ರಾಫಿನಲ್ಲಿ ಏಳಬೇಕಾದ ಗುಡ್ಡೆ, ಅಂದರೆ ಪೀಕ್, ನಾಪತ್ತೆ. ಎಷ್ಟು ಖುಷಿ! "ಗ್ರೇನ್ ಚಿಕ್ಕದಾಗಿದ್ದಕ್ಕೆ ಬದಲಾವಣೆ ನಿಂತಿದೆ" ಅಂತ ಡಿಪಾರ್ಟ್‌ಮೆಂಟಿನಲ್ಲಿ ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಿದೆ. ಎರಡು ವಾರ ಬಿಟ್ಟು ಪುಡಿಯಲ್ಲಿ ಏನೇನಿದೆ ಅಂತ ಪರೀಕ್ಷೆ ಮಾಡಿಸಿದರೆ ಕಬ್ಬಿಣ! ಗುಂಡುಗಳೇ ಸವೆದು ಸೇರಿಕೊಂಡಿದ್ದವು. ನಿಟಿನಾಲ್‌ನಲ್ಲಿ ನಿಕ್ಕಲ್ ಬದಲಿಗೆ ಶೇ 3 ಕಬ್ಬಿಣ ಕೂತರೆ ಸಾಕು, ಮಾರ್ಟೆನ್ಸೈಟ್ ಸೊನ್ನೆ ಡಿಗ್ರಿಗಿಂತ ತೀರಾ ಕೆಳಕ್ಕೆ ಹೋಗುತ್ತದೆ. ದೋಸೆ ತಿಂದವರು ಈಗಲೂ ನೆನಪಿಸುತ್ತಾರೆ.

ಮಿಲ್ಲಿಂಗ್ ಮಾಡಲೇಬೇಕು ಅಂತಿದ್ದರೆ ಗುಂಡಿನ ತೂಕ ಪುಡಿಯ ಹತ್ತರಷ್ಟು ಇರಲಿ, ನಡುನಡುವೆ ನಿಲ್ಲಿಸಿ ತಣ್ಣಗೆ ಮಾಡಿ, ಕೊನೆಗೆ ಸಂಯೋಜನೆ ಅಳೆಸಿ. ಡಬ್ಬಿ ತೆರೆಯುವಾಗ ಹುಷಾರು. ಸಣ್ಣ ಟೈಟಾನಿಯಂ ಪುಡಿ ಗಾಳಿಗೆ ಬಂದ ಕೂಡಲೇ ಹೊತ್ತಿಕೊಳ್ಳಬಹುದು. ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ ಒಳಗೇ ತೆರೆಯಿರಿ. ಬೆಂಕಿ ಬಿದ್ದರೆ ನೀರು ಹಾಕಲೇಬಾರದು. ಒಣ ಮರಳಿನ ಬಕೆಟ್ ಪಕ್ಕದಲ್ಲಿರಲಿ.

ಹೆಜ್ಜೆ 3: ಯಂತ್ರಕ್ಕೆ ಮೊದಲು ಬಿಸಿನೀರು

ಇದು ಐದು ನಿಮಿಷದ ಕೆಲಸ. 600 ಡಿಗ್ರಿಗೆ ಕಾಯಿಸಿದ ತುಂಡನ್ನು ಬಗ್ಗಿಸಿ. ಬಗ್ಗಿದ ಹಾಗೇ ಉಳಿಯುತ್ತದೆ. ಯಾಕೆಂದರೆ ಸಮಪಾಲಿನ ನಿಟಿನಾಲ್‌ನ ಮಾರ್ಟೆನ್ಸೈಟ್ 60 ಡಿಗ್ರಿಯ ಹತ್ತಿರವೇ ಶುರುವಾಗಿ, ನಮ್ಮ ಕೈಗೆ ಬರುವ ಹೊತ್ತಿಗೆ ಅದು ಮಾರ್ಟೆನ್ಸೈಟ್ ಆಗಿಬಿಟ್ಟಿರುತ್ತದೆ. ಕುದಿಯುವ ನೀರಿಗೆ ಹಾಕಿ, ಹೆಚ್ಚುಕಡಿಮೆ ನೆಟ್ಟಗಾಗುತ್ತದೆ. ಈಗ 400 ಡಿಗ್ರಿಯ ತುಂಡು ಬಗ್ಗಿಸಿ. ಗ್ರೇನ್ ನಿಜಕ್ಕೂ ಚಿಕ್ಕದಾಗಿದ್ದರೆ ಸ್ಪ್ರಿಂಗ್ ತರಹ ವಾಪಸ್ ಬರುತ್ತದೆ. ಲೋಹ ಅದೇ, ಪಾಲು ಅದೇ, ಮಡಿಯ ಗಾತ್ರ ಮಾತ್ರ ಬೇರೆ. ವೈವಾ ದಿನ ಪರೀಕ್ಷಕರಿಗೆ ಸ್ಲೈಡ್ ತೋರಿಸುವುದಕ್ಕಿಂತ ಇದನ್ನು ತೋರಿಸಿ.

ಹೆಜ್ಜೆ 4: ಗ್ರೇನ್ ಅಳೆಯಿರಿ

ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಇಷ್ಟು ಚಿಕ್ಕ ಬದು ಕಾಣುವುದಿಲ್ಲ. ಎಕ್ಸ್‌ಆರ್‌ಡಿ ಬೇಕು, ಅಂದರೆ ಎಕ್ಸ್‌ರೇ ಬಿಟ್ಟು ಅದು ಯಾವ ಕೋನಕ್ಕೆ ಎಷ್ಟು ಚದುರುತ್ತದೆ ಅಂತ ನೋಡುವ ಯಂತ್ರ. ಗ್ರೇನ್ ಚಿಕ್ಕದಾದಷ್ಟೂ ಪೀಕ್ ಅಗಲವಾಗುತ್ತದೆ. 1918ರ ಶೆರರ್ ಸೂತ್ರ ಇದು: ಗಾತ್ರ ಎಂದರೆ 0.9 ಗುಣಿಸು ಎಕ್ಸ್‌ರೇ ತರಂಗದ ಉದ್ದ, ಭಾಗಿಸು ಪೀಕಿನ ಅಗಲ ಮತ್ತು ಕಾಸ್ ಥೀಟಾದ ಗುಣಲಬ್ಧ. ಥೀಟಾ ಅಂದರೆ ಪೀಕ್ ಬರುವ ಕೋನದ ಅರ್ಧ. ತಾಮ್ರದ ಟ್ಯೂಬಿಗೆ ತರಂಗದ ಉದ್ದ 0.15406 ನ್ಯಾನೋಮೀಟರ್. ಬಿಸಿ ಫೇಸ್‌ನ, ಅಂದರೆ ಮಾರ್ಟೆನ್ಸೈಟ್ ಆಗುವ ಮೊದಲಿನ ಫೇಸ್‌ನ ದೊಡ್ಡ ಪೀಕ್ ಎರಡು ಥೀಟಾ 42.4 ಡಿಗ್ರಿಯ ಹತ್ತಿರ ಸಿಗುತ್ತದೆ. ಕಾಸ್ 21.2 ಅಂದರೆ 0.932.

ಪೀಕಿನ ಅಗಲ 0.5 ಡಿಗ್ರಿ ಬಂತು ಅನ್ನಿ. ಅದನ್ನು ರೇಡಿಯನ್ ಮಾಡಿ, 0.00873. ಉತ್ತರ 17 ನ್ಯಾನೋಮೀಟರ್. ರೇಡಿಯನ್ ಮಾಡುವುದು ಮರೆತರೆ 0.3 ನ್ಯಾನೋಮೀಟರ್ ಬರುತ್ತದೆ. ಅದು ನಿಟಿನಾಲ್‌ನ ಒಂದೇ ಒಂದು ಯೂನಿಟ್ ಸೆಲ್ಲಿನ ಅಳತೆ. ಒಂದು ಸಸಿಗೆ ಒಂದು ಗದ್ದೆ ಮಾಡಿದ ಹಾಗೆ! ಇಂಥ ಉತ್ತರ ಬರೆದ ರಿಪೋರ್ಟನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಕಣ್ಣಿಗೆ ಬೀಳುವುದಿಲ್ಲ. ಯಂತ್ರವೂ ಪೀಕನ್ನು ಸ್ವಲ್ಪ ಅಗಲ ಮಾಡುತ್ತದೆ. ಅದನ್ನು ಕಳೆಯಬೇಕು. ದೊಡ್ಡ ಗ್ರೇನಿನ ಸಿಲಿಕಾನ್ ಪುಡಿ ಇಟ್ಟು ಯಂತ್ರದ್ದೇ ಅಗಲ ಎಷ್ಟು ಅಂತ ನೋಡಿಕೊಳ್ಳಿ. ಅದು 0.1 ಡಿಗ್ರಿ, ನಿಮ್ಮ ಪೀಕ್ 0.15 ಡಿಗ್ರಿ ಅಂತಿಟ್ಟುಕೊಳ್ಳಿ. ಕಳೆಯದಿದ್ದರೆ ಉತ್ತರ 57 ನ್ಯಾನೋಮೀಟರ್. ವರ್ಗ ಮಾಡಿ ಕಳೆದು ವರ್ಗಮೂಲ ತೆಗೆದರೆ 76. ಈ ವ್ಯತ್ಯಾಸ ಯಾಕೆ ಮುಖ್ಯ ಅನ್ನುವುದು ಆರನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ರೋಲ್ ಆದ ಲೋಹದಲ್ಲಿ ಒಳಗೆ ಉಳಿದ ಎಳೆತವೂ (ಸ್ಟ್ರೇನ್) ಪೀಕನ್ನು ಅಗಲ ಮಾಡುತ್ತದೆ. ಅದನ್ನು ಬೇರೆ ಮಾಡಲು, ಹಲವು ಪೀಕ್‌ಗಳ ಅಗಲವನ್ನು ಅವುಗಳ ಕೋನದ ಜೊತೆ ಹೋಲಿಸುವ ವಿಲಿಯಮ್ಸನ್-ಹಾಲ್ ಗ್ರಾಫ್ ಹಾಕಿ. ದೊಡ್ಡ ಗ್ರೇನಿನ ತುಂಡುಗಳು ಮಾರ್ಟೆನ್ಸೈಟ್ ಆಗಿರುವುದರಿಂದ 42.4ರ ಪೀಕ್ ಅಲ್ಲಿ ಸಿಗುವುದಿಲ್ಲ. ಬಿಸಿ ಮಾಡುವ ಸ್ಟೇಜ್ ಇದ್ದರೆ 120 ಡಿಗ್ರಿಯಲ್ಲಿ ತೆಗೆಯಿರಿ. 100 ನ್ಯಾನೋಮೀಟರ್ ದಾಟಿದರೆ ಶೆರರ್ ಕೈಬಿಡಿ.

ಕೊನೆಗೆ ಕನಿಷ್ಠ ಎರಡು ಸ್ಯಾಂಪಲ್ಲಿಗಾದರೂ ಟಿಇಎಂ (ಎಲೆಕ್ಟ್ರಾನ್ ಹಾಯಿಸಿ ನೋಡುವ ಮೈಕ್ರೋಸ್ಕೋಪು) ಮಾಡಿಸಿ. ಅದಕ್ಕೆ ಬೆಂಗಳೂರಿನ ಐಐಎಸ್‌ಸಿಯಂಥ ಕಡೆಗೇ ಹೋಗಬೇಕು. ಸ್ಲಾಟ್ ಸಿಗಲು ಕಾಯಬೇಕಾಗುತ್ತದೆ, ಆದ್ದರಿಂದ ಮೊದಲೇ ಬರೆದುಕೊಳ್ಳಿ. ಅಲ್ಲಿ ಸರಾಸರಿ ಮಾತ್ರ ಬರೆದುಕೊಂಡು ಬರಬೇಡಿ. ಇನ್ನೂರು ಮುನ್ನೂರು ಗ್ರೇನ್ ಎಣಿಸಿ ಯಾವ ಗಾತ್ರ ಎಷ್ಟಿದೆ ಅಂತ ಪಟ್ಟಿ ಮಾಡಿ. ಮೊದಲು ಬದಲಾಗುವುದು ದೊಡ್ಡ ಗ್ರೇನ್‌ಗಳು. ಸರಾಸರಿ 50 ಇದ್ದರೂ ನಡುವೆ 150ರ ನಾಲ್ಕು ಗ್ರೇನ್ ಇದ್ದರೆ ಅವೇ ನಿಮ್ಮ ಕಥೆ ಕೆಡಿಸುತ್ತವೆ.

ಹೆಜ್ಜೆ 5: ಬದಲಾವಣೆ ಹಿಡಿಯಿರಿ

ಡಿಎಸ್‌ಸಿ ಅಂದರೆ ತಣ್ಣಗೆ-ಬಿಸಿ ಮಾಡುವಾಗ ಲೋಹ ಬಿಡುವ, ಹೀರುವ ಶಾಖ ಅಳೆಯುವ ಯಂತ್ರ. ಅದಕ್ಕೆ 10ರಿಂದ 20 ಮಿಲಿಗ್ರಾಂ ಸಾಕು. ಕತ್ತರಿಯಿಂದ ಕತ್ತರಿಸಬೇಡಿ, ಅಂಚು ನಜ್ಜುಗುಜ್ಜಾಗಿ ಅಲ್ಲಿನ ಗ್ರೇನೇ ಬೇರೆಯಾಗುತ್ತದೆ. ನಿಧಾನ ತಿರುಗುವ ಡೈಮಂಡ್ ಬ್ಲೇಡ್ ಬಳಸಿ. 120 ಡಿಗ್ರಿಯಿಂದ ಮೈನಸ್ 100ರವರೆಗೆ, ನಿಮಿಷಕ್ಕೆ 10 ಡಿಗ್ರಿ ಲೆಕ್ಕದಲ್ಲಿ ತಣ್ಣಗೆ ಮಾಡಿ, ವಾಪಸ್ ಬಿಸಿ ಮಾಡಿ.

ನಿಮ್ಮ ಡಿಎಸ್‌ಸಿಗೆ ತಣ್ಣಗೆ ಮಾಡುವ ಜೋಡಣೆ ಇಲ್ಲ ಅಂದರೆ ಕೈಚೆಲ್ಲಬೇಡಿ. ಪಟ್ಟಿಗೆ ನಾಲ್ಕು ತಂತಿ ಕಟ್ಟಿ, ವಿದ್ಯುತ್ ರೋಧ ಅಳೆಯುತ್ತಾ ದ್ರವ ನೈಟ್ರೋಜನ್ ಹಬೆಯೊಳಗೆ ನಿಧಾನಕ್ಕೆ ಇಳಿಸಿ. ಈ ನೈಟ್ರೋಜನ್ ಏನು ಅಪರೂಪದ್ದಲ್ಲ. ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಇಡುವ ಡಬ್ಬಿಯಲ್ಲಿರುವುದೂ ಇದೇ, ಮೈನಸ್ 196 ಡಿಗ್ರಿಯದ್ದು. ಆ ಡಬ್ಬಿಗೆ ಕೈ ಹಾಕಬೇಡಿ ಮತ್ತೆ. ನಿಮ್ಮದೇ ಬೇರೆ ತರಿಸಿ, ಕಿಟಕಿ ತೆರೆದಿಟ್ಟು ಕೆಲಸ ಮಾಡಿ.

ಹೆಜ್ಜೆ 6: ಕಂಡದ್ದನ್ನು ಓದುವುದು

ದೊಡ್ಡ ಗ್ರೇನಿನ ತುಂಡಿನಲ್ಲಿ ತಣ್ಣಗಾಗುವಾಗ ಒಂದು ಚೂಪಾದ ಪೀಕ್ ಬರುತ್ತದೆ, ಅದು ಮಾರ್ಟೆನ್ಸೈಟ್. ಗ್ರೇನ್ ಇಳಿದಂತೆ ಪೀಕ್ ಎರಡಾಗುತ್ತದೆ. ಮೊದಲು ಬರುವುದು ಆರ್-ಫೇಸ್ ಅನ್ನುವ ನಡುವಿನ ತಂಗುದಾಣ. ಆಮೇಲೆ ಮಾರ್ಟೆನ್ಸೈಟ್, ಇನ್ನೂ ಕೆಳಗಿನ ಉಷ್ಣತೆಯಲ್ಲಿ. ಗ್ರೇನ್ ಮತ್ತೂ ಇಳಿದರೆ ಎರಡನೆಯದು ಮಾಯ. ವಿಯೆನ್ನಾದ ವೈಟ್ಸ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ್ದು ಇದನ್ನೇ: ಸುಮಾರು 60 ನ್ಯಾನೋಮೀಟರ್‌ಗಿಂತ ಚಿಕ್ಕ ಗ್ರೇನ್‌ಗಳಲ್ಲಿ ಮಾರ್ಟೆನ್ಸೈಟ್ ಹುಟ್ಟಲಿಲ್ಲ. 57ಕ್ಕೂ 76ಕ್ಕೂ ಯಾಕೆ ಅಷ್ಟು ಒದ್ದಾಡಿದೆ ಅಂತ ಈಗ ಗೊತ್ತಾಯಿತಲ್ವಾ?

ಆರ್-ಫೇಸ್ ಉಳಿದು ಮಾರ್ಟೆನ್ಸೈಟ್ ಮಾತ್ರ ಯಾಕೆ ಹೋಗುತ್ತದೆ? ಮತ್ತೆ ಗದ್ದೆಗೆ ಬನ್ನಿ. ಮಾರ್ಟೆನ್ಸೈಟ್‌ನಲ್ಲಿ ಸಾಲು ಸುಮಾರು ಶೇ 10 ವಾಲಬೇಕು, ಅದು ಟ್ರ್ಯಾಕ್ಟರ್. ಆರ್-ಫೇಸ್‌ಗೆ ಶೇ 1ರ ಆಸುಪಾಸು ಸಾಕು, ಅದು ಎತ್ತಿನ ಜೋಡಿ. ಮಾರ್ಟೆನ್ಸೈಟ್ ಹೇಗೋ ತೂರಿಕೊಳ್ಳಲು ಎಡಕ್ಕೊಂದು ಬಲಕ್ಕೊಂದು ವಾಲಿದ ತೆಳು ಪಟ್ಟಿಗಳಾಗಿ ಒಡೆಯುತ್ತದೆ. ಇವು ಟ್ವಿನ್‌ಗಳು. ಮಡಿ ಚಿಕ್ಕದಾದಷ್ಟೂ ಪಟ್ಟಿ ತೆಳು, ಪಟ್ಟಿಗಳ ನಡುವಿನ ಗಡಿ ಜಾಸ್ತಿ. ಪ್ರತಿ ಗಡಿಗೂ ಶಕ್ತಿಯ ಖರ್ಚಿದೆ. ಒಂದು ಹಂತದಲ್ಲಿ ಖರ್ಚು ಆದಾಯವನ್ನು ಮೀರುತ್ತದೆ. ಅಲ್ಲಿಗೆ ಬೇಸಾಯ ಬಂದ್.

ಎಚ್ಚರಿಕೆ: ಪೀಕ್ ಕಾಣಲಿಲ್ಲ ಅಂದರೆ ಬದಲಾವಣೆ ಆಗಲಿಲ್ಲ ಅಂತಲ್ಲ. ಗ್ರೇನ್ ಗಾತ್ರ ಹರಡಿಕೊಂಡಿದ್ದರೆ ಪೀಕ್ ಕೂಡ ಹರಡಿ ಗೆರೆಯೊಳಗೆ ಕರಗಿಹೋಗುತ್ತದೆ. ತಣ್ಣಗಿರುವಾಗಲೇ ಎಕ್ಸ್‌ಆರ್‌ಡಿ ತೆಗೆದು ನೋಡಿ, ಇಲ್ಲವೇ ರೋಧದ ಗೆರೆ ನೋಡಿ. ಆರ್-ಫೇಸ್ ಬಂದಾಗ ರೋಧ ಏರುತ್ತದೆ, ಮಾರ್ಟೆನ್ಸೈಟ್ ಬಂದಾಗ ಇಳಿಯುತ್ತದೆ. ಈ 60 ಅನ್ನುವ ಸಂಖ್ಯೆಯನ್ನು ಬೇರೆ ಲೋಹಕ್ಕೆ ಅಂಟಿಸಬೇಡಿ. ಮತ್ತೆ, ಸಣ್ಣ ಬಂಗಾರದ ಕಣ 1064 ಡಿಗ್ರಿಗಿಂತ ನೂರಾರು ಡಿಗ್ರಿ ಕೆಳಗೇ ಕರಗುತ್ತದೆ ಅನ್ನುವುದನ್ನು ಇಲ್ಲಿಗೆ ಎಳೆದು ತರಬೇಡಿ. ಅದು ಸುತ್ತ ಯಾರೂ ಇಲ್ಲದ ಒಂಟಿ ಕಣದ ಕಥೆ. ನಮ್ಮದು ಬದುವಿಗೆ ಬದು ತಾಗಿದ ಗದ್ದೆಯದ್ದು.

ಹರಿದಾಡಿ ಆಗುವ ಬದಲಾವಣೆಯೇ ಬೇಕು ಅನ್ನುವವರು 1988ರಲ್ಲಿ ಜಪಾನಿನಲ್ಲಿ ಬಂದ ಫೈನ್‌ಮೆಟ್ ಕಡೆ ಹೋಗಿ. ಗಾಜಿನಂತೆ ಪರಮಾಣುಗಳಿಗೆ ಸಾಲೇ ಇಲ್ಲದ ಕಬ್ಬಿಣದ ಪಟ್ಟಿಯನ್ನು 550 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ 10 ನ್ಯಾನೋಮೀಟರ್ ಆಸುಪಾಸಿನ ಗ್ರೇನ್ ಮೂಡುತ್ತದೆ. ಅದರಲ್ಲಿರುವ ಶೇ 1 ತಾಮ್ರ ಮೊಳಕೆಗೆ, ಶೇ 3 ನಯೋಬಿಯಂ ಬೆಳೆಯದಂತೆ ಕಟ್ಟಿಹಾಕುವುದಕ್ಕೆ.

ಹೆಜ್ಜೆ 7: ಹತ್ತು ಸಲ ಮಾಡಿ

ಒಂದು ಸಲ ಅಳೆದು ಎದ್ದು ಹೋಗಬೇಡಿ. ಅದೇ ತುಂಡನ್ನು ಡಿಎಸ್‌ಸಿಯಿಂದ ತೆಗೆಯದೆ ಹತ್ತು ಸಲ ತಣ್ಣಗೆ-ಬಿಸಿ ಮಾಡಿ. ದೊಡ್ಡ ಗ್ರೇನಿನಲ್ಲಿ ಪ್ರತಿ ಸಲ ವಾಲಿ ವಾಪಸ್ ಬರುವಾಗ ಒಳಗೆ ಒಂದಿಷ್ಟು ಸಾಲು ಕೆಡುತ್ತದೆ, ಪೀಕ್ ಸಲಸಲಕ್ಕೂ ಕೆಳಗೆ ಜಾರುತ್ತದೆ. ಸಣ್ಣ ಗ್ರೇನಿನಲ್ಲಿ ಹತ್ತೂ ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ಎರಡೂ ಗ್ರಾಫನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಹಾಕಿ. ಕೆಳಗೆ ಗ್ರೇನ್ ಗಾತ್ರ, ಅದನ್ನು ಅಳೆದ ವಿಧಾನ, ನಿಕ್ಕಲ್ ಎಷ್ಟು, ಕಬ್ಬಿಣ ಎಷ್ಟು ಅಂತ ಬರೆಯಿರಿ. ಕಬ್ಬಿಣದ ಸಾಲು ಬರೆದ ಮೇಲೆಯೇ ದೋಸೆ ಕೊಡಿಸಿ.